ಕುದುರೆಮುಖ ಉದ್ಯಾನದೊಳಗೆ ಮೋರಿ, ಧರೆ, ಚರಂಡಿ ಕೆಲಸ: ‘ಬರೀ ದುರಸ್ತಿ’ಗೂ ಪರಿಸರ ಪರಿಶೀಲನೆ ಬೇಕೇ?

ಧರೆಗಾವಲು:
ಕುದುರೆಮುಖ ರಾಷ್ಟ್ರೀಯ ಉದ್ಯಾನ ಸುಮಾರು 600 ಚದರ ಕಿ.ಮೀ. ಅದರೊಳಗೆ ಹಾದುಹೋಗುವ ಮುಖ್ಯ ರಸ್ತೆ ಎರಡು. ಮಾಳದಿಂದ ಎಸ್.ಕೆ. ಬಾರ್ಡರ್ (ಹಳೆಯ ಸೌತ್ ಕೆನರಾ ಗಡಿ), ಕೆರೆಕಟ್ಟೆ ದಾಟಿ ಶೃಂಗೇರಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 169 ಒಂದು, ಎಸ್.ಕೆ. ಬಾರ್ಡರಿನಲ್ಲಿ ಕವಲೊಡೆದು ಕುದುರೆಮುಖ ಪೇಟೆ, ಕಳಸದ ಕಡೆ ಹೋಗುವ ರಾಜ್ಯ ಹೆದ್ದಾರಿ ಇನ್ನೊಂದು. ರಸ್ತೆ ಅಗಲ ಮಾಡುತ್ತಾರಂತೆ ಎಂದರೆ ಪತ್ರಿಕೆ, ಕೋರ್ಟು ಎಲ್ಲವೂ ಎದ್ದು ಕೂರುತ್ತವೆ. ಆದರೆ ಮಳೆ ನಿಂತ ಮೇಲೆ ವರ್ಷ ವರ್ಷವೂ ನಡೆಯುವ ಸಣ್ಣ ಕೆಲಸಗಳಿವೆಯಲ್ಲ? ಜರಿದ ಧರೆಯ (ರಸ್ತೆಗಾಗಿ ಕಡಿದ ಗುಡ್ಡದ ಬದಿಯ) ಮಣ್ಣು ತೆಗೆಯುವುದು, ಮೋರಿ (ರಸ್ತೆಯಡಿ ನೀರು ದಾಟಿಸುವ ಪೈಪು, ಕಿಂಡಿ) ಬದಲಿಸುವುದು, ಚರಂಡಿ ಕೆರೆಯುವುದು, ತಡೆಗೋಡೆ ಕಟ್ಟುವುದು, ರಸ್ತೆಗೆ ಬಾಗಿದ ಕೊಂಬೆ ಸವರುವುದು, ಬೆಂಕಿರೇಖೆ (ಕಾಡ್ಗಿಚ್ಚು ದಾಟದಂತೆ ಬರಿದು ಮಾಡಿದ ಪಟ್ಟಿ) ತೆಗೆಯುವುದು, ಕಳ್ಳಬೇಟೆ ತಡೆ ಶಿಬಿರದ ಚಾವಣಿ ರಿಪೇರಿ, ಚಾರಣದ ದಾರಿಗೆ ಕಲ್ಲು ಕೂರಿಸುವುದು. ಇವನ್ನು ಯಾರೂ ‘ಯೋಜನೆ’ ಎಂದು ಲೆಕ್ಕಕ್ಕೇ ಹಿಡಿಯುವುದಿಲ್ಲ.

ನನ್ನ ಪ್ರಸ್ತಾಪ ಇಷ್ಟೆ. ಒಂದೊಂದು ಬಗೆಯ ಕೆಲಸಕ್ಕೆ ಒಂದೊಂದು ಪುಟದ ಪರಿಶೀಲನಾ ಹಾಳೆ ಇರಲಿ. ಅದರಲ್ಲಿ ಏನಿರಬೇಕು? ಅಳತೆ, ಸಂಖ್ಯೆ ಸಮೇತ ಹೇಳಿ. ‘ಪರಿಸರಕ್ಕೆ ಹಾನಿಯಾಗದಂತೆ ಎಚ್ಚರ ವಹಿಸತಕ್ಕದ್ದು’ ಎಂಬ ಸಾಲು ಈಗಾಗಲೇ ಎಲ್ಲ ಟೆಂಡರಿನಲ್ಲೂ ಇದೆ, ಅದು ಬೇಡ.

ಕಾನೂನುಕಟ್ಟೆ:
ಮೊದಲು ನೆಲ ಗಟ್ಟಿ ಮಾಡಿಕೊಳ್ಳೋಣ. 2006ರ ಪರಿಸರ ಪರಿಣಾಮ ಅಧಿಸೂಚನೆ ಇಂಥ ಕೆಲಸಗಳನ್ನು ಮುಟ್ಟುವುದೇ ಇಲ್ಲ. ರಾಷ್ಟ್ರೀಯ ಹೆದ್ದಾರಿ ವಿಸ್ತರಣೆಗೇ ಅಲ್ಲಿ 100 ಕಿ.ಮೀ. ಮಿತಿ ಇದೆ, ಮೋರಿ, ಚರಂಡಿ ಅದರ ಕಣ್ಣಿಗೆ ಬೀಳುವುದಿಲ್ಲ. ಹಾಗಂತ ಕಾನೂನೇ ಇಲ್ಲ ಅಂತಲ್ಲ. 1972ರ ವನ್ಯಜೀವಿ ಕಾಯ್ದೆಯ 35(6)ನೇ ಕಲಂ ಪೂರ್ತಿ ಓದಿ. ಉದ್ಯಾನದಿಂದ ಅರಣ್ಯ ಉತ್ಪನ್ನ ಸಾಗಿಸುವುದು, ಆವಾಸಕ್ಕೆ ಹಾನಿ ಮಾಡುವುದು ಮಾತ್ರವಲ್ಲ, ಉದ್ಯಾನದ ಒಳಕ್ಕಾಗಲಿ ಹೊರಕ್ಕಾಗಲಿ ಹರಿಯುವ ನೀರನ್ನು ತಿರುಗಿಸುವುದು, ತಡೆಯುವುದು, ಹೆಚ್ಚಿಸುವುದು ಕೂಡ ಪರವಾನಗಿ ಇಲ್ಲದೆ ನಿಷಿದ್ಧ. ಆ ಪರವಾನಗಿಯನ್ನು ಮುಖ್ಯ ವನ್ಯಜೀವಿ ಪರಿಪಾಲಕರು ಕೊಡಬೇಕಾದರೆ, ಆ ಕೆಲಸ ವನ್ಯಜೀವಿಗಳ ಒಳಿತಿಗೆ ಅಗತ್ಯ ಎಂದು ರಾಜ್ಯ ಸರ್ಕಾರಕ್ಕೆ ರಾಷ್ಟ್ರೀಯ ವನ್ಯಜೀವಿ ಮಂಡಳಿಯ ಸಮಾಲೋಚನೆಯೊಂದಿಗೆ ಮನವರಿಕೆಯಾಗಬೇಕು.

ಈಗ ಮೋರಿಗೆ ಬನ್ನಿ. ಮೂರು ಹಳೆಯ ಮೋರಿ ಮುಚ್ಚಿ, ಅವುಗಳ ನೀರನ್ನೆಲ್ಲ ಚರಂಡಿಯಲ್ಲಿ ಎಳೆದು ನಾಲ್ಕನೆಯದರ ಬಾಯಿಗೆ ಬಿಟ್ಟರೆ ಅದು ದುರಸ್ತಿಯೋ, ಹರಿವು ಬದಲಾವಣೆಯೋ? ಕಾಗದದ ಮೇಲೆ ದುರಸ್ತಿ. ಕೆಳಗಿನ ಶೋಲಾ ಕಾಡಿಗೆ ಒಂದು ಕಡೆ ನೀರಿಲ್ಲ, ಇನ್ನೊಂದು ಕಡೆ ಕೊರಕಲು.

ಎರಡನೆಯದು: ಸುಪ್ರೀಂ ಕೋರ್ಟಿನ 14-2-2000ರ ಆದೇಶ. ರಾಷ್ಟ್ರೀಯ ಉದ್ಯಾನ, ಅಭಯಾರಣ್ಯಗಳಿಂದ ಒಣಗಿದ, ರೋಗ ಬಂದ, ಗಾಳಿಗೆ ಬಿದ್ದ ಮರ, ತೇಲಿ ಬಂದ ದಿಮ್ಮಿ, ಹುಲ್ಲು ತೆಗೆಯುವಂತಿಲ್ಲ. ರಸ್ತೆಗಡ್ಡ ಬಿದ್ದ ಮರವನ್ನು ತುಂಡರಿಸಿ ಪಕ್ಕಕ್ಕೆ ಉರುಳಿಸಿ, ಅಲ್ಲೇ ಕೊಳೆಯಲು ಬಿಡಿ. ಲಾರಿ ಹತ್ತಿಸಿದರೆ ಅದು ಬೇರೆಯೇ ವಿಷಯ.

ಮೋರಿಲೆಕ್ಕ:
ಮೋರಿ ಬದಲಿಸುವಾಗ ‘ಇದ್ದ ಅಳತೆಯದ್ದೇ ಹಾಕಿ’ ಎನ್ನುವುದು ವಾಡಿಕೆ. ಅಲ್ಲೇ ಎಡವುವುದು. ಲೆಕ್ಕ ಕಷ್ಟದ್ದೇನಲ್ಲ. ಜಲಾನಯನದ ವಿಸ್ತೀರ್ಣ (ಹೆಕ್ಟೇರ್), ಗಂಟೆಗೆ ಮಳೆಯ ತೀವ್ರತೆ (ಮಿ.ಮೀ.), ಹರಿವಿನ ಗುಣಾಂಕ (ಬಿದ್ದ ಮಳೆಯಲ್ಲಿ ಹರಿದು ಬರುವ ಪಾಲು), ಈ ಮೂರನ್ನೂ ಗುಣಿಸಿ 360ರಿಂದ ಭಾಗಿಸಿದರೆ ಸೆಕೆಂಡಿಗೆ ಎಷ್ಟು ಘನ ಮೀಟರ್ ನೀರು ಎಂದು ಸಿಗುತ್ತದೆ. 10 ಹೆಕ್ಟೇರ್ ಗುಡ್ಡ, ಗಂಟೆಗೆ 100 ಮಿ.ಮೀ. ಮಳೆ, ಗುಣಾಂಕ 0.6 ಎಂದುಕೊಳ್ಳಿ: 1.67 ಘನ ಮೀಟರ್. 900 ಮಿ.ಮೀ. ಹ್ಯೂಮ್ (ಕಾಂಕ್ರೀಟು) ಪೈಪಿನ ಅಡ್ಡಕೊಯ್ತ 0.64 ಚದರ ಮೀಟರ್. ನೀರು ಸೆಕೆಂಡಿಗೆ 2.5 ಮೀಟರ್ ವೇಗದಲ್ಲಿ ಪೈಪು ತುಂಬಿ ಹರಿದರೂ 1.6 ದಾಟುವುದಿಲ್ಲ. ಅದೂ ಪೈಪು ಶುದ್ಧವಾಗಿದ್ದರೆ. ಒಂದು ದಿಮ್ಮಿ, ನಾಲ್ಕು ಬುಟ್ಟಿ ಎಲೆ ಸಿಕ್ಕಿಕೊಂಡರೆ ನೀರು ರಸ್ತೆ ಹತ್ತಿ ಇಳಿಜಾರಿನ ಬದಿಯನ್ನು ಕೊರೆಯುತ್ತದೆ. ಮರುವರ್ಷದ ತಡೆಗೋಡೆ ಎಸ್ಟಿಮೇಟ್ ಹುಟ್ಟುವುದು ಹೀಗೆ. 1200 ಮಿ.ಮೀ. ಹಾಕಿದರೆ ಅದೇ ವೇಗಕ್ಕೆ 2.8 ಸಿಗುತ್ತದೆ, ಆಳು ಒಳಗೆ ಬಗ್ಗಿ ಹೋಗಿ ಕಸ ತೆಗೆಯಬಹುದು.

ವರ್ಷವಿಡೀ ನೀರಿರುವ ಹಳ್ಳವಾದರೆ ಪೈಪೇ ಬೇಡ, ಬಾಕ್ಸ್ ಮೋರಿ ಹಾಕಿ. ತಳದ ಸ್ಲ್ಯಾಬನ್ನು ಹಳ್ಳದ ಪಾತ್ರಕ್ಕಿಂತ ಕನಿಷ್ಠ 300 ಮಿ.ಮೀ. ಕೆಳಗೆ ಕೂರಿಸಿ, ಮೇಲೆ ಅದೇ ಹಳ್ಳದ ಜಲ್ಲಿ ಬರಲಿ. ಪೈಪಿನ ಹೊರಬಾಯಿ ಪಾತ್ರಕ್ಕಿಂತ ಮೇಲಿದ್ದರೆ ನೀರು ಧುಮುಕಿ ಗುಂಡಿ ಬೀಳುತ್ತದೆ, ಗುಂಡಿ ಆಳವಾದಂತೆ ಏಪ್ರನ್ (ಮೋರಿ ಬಾಯಿಯ ಮುಂದಿನ ಹಾಸು) ಕಳಚುತ್ತದೆ, ಮೀನು ಮೇಲೆ ಹತ್ತುವುದು ನಿಲ್ಲುತ್ತದೆ. ಅರ್ಧ ಅಡಿ ಜಿಗಿತವೂ ಸಣ್ಣ ಕಲ್ಲುಮೀನುಗಳಿಗೆ ಗೋಡೆಯೇ.

ಇನ್ನೊಂದು ಮಾತು: ಮೋರಿ ಸಮೀಕ್ಷೆಯನ್ನು ಅಕ್ಟೋಬರಿನಲ್ಲಿ ಮಾಡಬೇಡಿ, ಜುಲೈನಲ್ಲಿ ಮಾಡಿ. ಮಳೆ ಹೊಡೆಯುವಾಗ ಕೊಡೆ ಹಿಡಿದು ನಡೆದರೆ ಯಾವ ಮೋರಿ ಉಕ್ಕುತ್ತಿದೆ, ಯಾವುದಕ್ಕೆ ನೀರೇ ಬರುತ್ತಿಲ್ಲ, ಕೆಂಪು ನೀರು ಎಲ್ಲಿಂದ ಶುರು ಎಂಬುದೆಲ್ಲ ಒಂದೇ ದಿನದಲ್ಲಿ ಕಾಣುತ್ತದೆ. ಅಕ್ಟೋಬರಿನಲ್ಲಿ ಕಾಣುವುದು ಒಣ ಪೈಪು.

ಗುತ್ತಿಗೆ_ಗಣಿತ:
ಧರೆ ಮಣ್ಣಿನ ವಿಷಯಕ್ಕೆ ಬನ್ನಿ ಮಾರಾಯ್ರೆ, ಅಸಲಿ ಹಾನಿ ಅಲ್ಲಿದೆ. 20 ಮೀಟರ್ ಉದ್ದ, 3 ಮೀಟರ್ ಅಗಲ, ಸರಾಸರಿ ಒಂದೂವರೆ ಮೀಟರ್ ಎತ್ತರ ಮಣ್ಣು ರಸ್ತೆಗೆ ಬಿದ್ದಿದೆ ಎನ್ನಿ: 90 ಘನ ಮೀಟರ್. ಸಡಿಲವಾದ ಮೇಲೆ ಮಣ್ಣು ಉಬ್ಬುತ್ತದೆ, 1.3ರಿಂದ ಗುಣಿಸಿ, 117. ಟಿಪ್ಪರಿಗೆ 5 ಘನ ಮೀಟರ್ ಹಿಡಿದರೆ 23-24 ಟ್ರಿಪ್. ಉದ್ಯಾನದ ಹೊರಗೆ ಸುರಿಯಬೇಕೆಂದರೆ ಹೋಗಿ ಬರುವುದೇ ನಲವತ್ತು ಐವತ್ತು ಕಿ.ಮೀ. ಎಸ್ಟಿಮೇಟಿನಲ್ಲಿ ‘ಲೀಡ್’, ಅಂದರೆ ಹಣ ಕೊಡುವ ಸಾಗಣೆ ದೂರ, ಎಷ್ಟು ಹಾಕಿರುತ್ತಾರೆ? ಬಹಳ ಸಲ ಸೊನ್ನೆ, ಇಲ್ಲವೇ 1 ಕಿ.ಮೀ. ಹಾಗಿರುವಾಗ ಜೆಸಿಬಿಯವನು ಬಕೆಟ್ ತಿರುಗಿಸಿ ಕಣಿವೆಗೆ ನೂಕದೆ ಇನ್ನೇನು ಮಾಡುತ್ತಾನೆ? ಎರಡು ಗಂಟೆಯಲ್ಲಿ ರಸ್ತೆ ಖಾಲಿ. ಗುತ್ತಿಗೆದಾರನನ್ನು ಬೈದು ಪ್ರಯೋಜನವಿಲ್ಲ, ದರಪಟ್ಟಿಯೇ ಮಣ್ಣನ್ನು ಕಣಿವೆಗೆ ಕಳಿಸುತ್ತಿದೆ.

ಮೋರಿಲೆಕ್ಕ:
ಒಂದು ತಿದ್ದುಪಡಿ. ಜರಿದು ಬಿದ್ದ ಮಣ್ಣು ಆಗಲೇ ಸಡಿಲವಾಗಿಯೇ ಇರುತ್ತದೆ. ಬಿದ್ದ ರಾಶಿಯನ್ನು ಅಳೆದಿದ್ದರೆ ಮತ್ತೆ 1.3 ಹಾಕಬಾರದು, 90 ಅಂದರೆ 90 ಅಷ್ಟೇ, 18 ಟ್ರಿಪ್. ಗಟ್ಟಿ ಧರೆಯನ್ನು ಹೊಸದಾಗಿ ಕಡಿದರೆ ಮಾತ್ರ ಉಬ್ಬಿನ ಲೆಕ್ಕ.

ಗುತ್ತಿಗೆ_ಗಣಿತ:
ಒಪ್ಪಿದೆ, ನನ್ನದು ತಪ್ಪು. 18. ಆದರೂ ಲೀಡ್ ಸೊನ್ನೆ ಎಂದರೆ 18 ಆದರೇನು, 24 ಆದರೇನು.

ಧರೆಗಾವಲು:
ಹಾಗಾದರೆ ಹಾಳೆಯ ಮೊದಲ ಸಾಲು ಸಿಕ್ಕಿತು: ‘ಮಣ್ಣು ಸುರಿಯುವ ಜಾಗ ಯಾವುದು, ದೂರ ಎಷ್ಟು, ಅಷ್ಟು ಲೀಡ್ ಎಸ್ಟಿಮೇಟಿನಲ್ಲಿ ಇದೆಯೇ?’ ಇಲ್ಲ ಎಂದರೆ ಕೆಲಸದ ಆದೇಶವೇ ಹೊರಡಬಾರದು.

ಕಣಿವೆಗೆ ನೂಕಿದ ಮಣ್ಣು ಅಲ್ಲೇ ಕೂರುವುದಿಲ್ಲ ಎಂಬುದನ್ನು ಈ ಊರಿಗೆ ಹೊಸದಾಗಿ ಹೇಳಬೇಕಿಲ್ಲ. ಭದ್ರೆಗೆ ಹೋಗುತ್ತಿದ್ದ ಹೂಳಿನ ವಾದವೇ ಕಬ್ಬಿಣದ ಅದಿರು ಗಣಿಯನ್ನು ಸುಪ್ರೀಂ ಕೋರ್ಟ್ ಮುಂದೆ ನಿಲ್ಲಿಸಿತು, 2005ರ ಕೊನೆಗೆ ಗಣಿ ಮುಚ್ಚಿತು. ರಸ್ತೆ ಬದಿಯ ಮಣ್ಣು ಗಣಿಯಷ್ಟಲ್ಲ, ನಿಜ. ಆದರೆ ಅದನ್ನು ಅಳೆಯುವವರೇ ಇಲ್ಲ.

ತೊರೆತಳ:
ಆ ಹೂಳು ಯಾರ ಮನೆ ಮುಚ್ಚುತ್ತದೆ ಎಂದು ಸ್ವಲ್ಪ ಹೇಳುತ್ತೇನೆ. ಮೈಕ್ರಿಕ್ಸಾಲಸ್ ಗುಂಪಿನ ಕುಣಿಯುವ ಕಪ್ಪೆಗಳು ಘಟ್ಟದ ತೊರೆಗಳವು. ಮಳೆಯ ಅಬ್ಬರ ಇಳಿದು ನೀರು ತಿಳಿಯಾಗುವ ಹೊತ್ತಿಗೆ ಇವುಗಳ ಕಾಲ ಶುರು. ಹೆಣ್ಣು ತೊರೆಯ ತಳದ ಜಲ್ಲಿಯಲ್ಲಿ ಹಿಂಗಾಲಿನಿಂದ ಕುಳಿ ತೋಡಿ ಮೊಟ್ಟೆಯಿಟ್ಟು ಮುಚ್ಚುತ್ತದೆ. ಗೊದಮೊಟ್ಟೆಗಳು ಆ ಮರಳು-ಜಲ್ಲಿಯ ಸಂದಿನಲ್ಲೇ ಬೆಳೆಯುತ್ತವೆ. ಸಂದಿಯಲ್ಲಿ ನೀರು ಆಡುತ್ತಿರಬೇಕು. ನುಣ್ಣನೆಯ ಕೆಂಪು ಮಣ್ಣು ಒಂದು ಪದರ ಕೂತರೆ ಸಂದಿ ಮುಚ್ಚುತ್ತದೆ, ಮೊಟ್ಟೆ ಉಸಿರುಗಟ್ಟುತ್ತದೆ. ಅಕ್ಟೋಬರ್, ನವೆಂಬರಿನಲ್ಲಿ ‘ಮಳೆ ನಿಂತಿತಲ್ಲ’ ಎಂದು ಹಳ್ಳಕ್ಕೆ ಜೆಸಿಬಿ ಇಳಿಸಿದರೆ ಸರಿಯಾಗಿ ಇವುಗಳ ತಲೆಯ ಮೇಲೆಯೇ ಇಳಿಸಿದಂತೆ. ಹಳ್ಳದ ಪಾತ್ರದೊಳಗಿನ ಕೆಲಸ ಜನವರಿಯಿಂದ ಮಾರ್ಚ್ ಮಧ್ಯದವರೆಗೆ ಮಾತ್ರ ಎಂದು ಬರೆದಿಡಿ. ಆಗ ನೀರೂ ಕಡಿಮೆ, ತಿರುಗಿಸುವುದು ಸುಲಭ.

ತಿರುಗಿಸುವ ಕ್ರಮ: ಕೆಲಸದ ಜಾಗದ ಮೇಲೆ ಒಂದು, ಕೆಳಗೆ ಒಂದು ಚೀಲದ ಒಡ್ಡು. ಚೀಲಕ್ಕೆ ತೊಳೆದ ಎಂ-ಸ್ಯಾಂಡ್ ತುಂಬಿ, ಮಣ್ಣು ತುಂಬಬೇಡಿ. ನೀರನ್ನು ಪೈಪಿನಲ್ಲಿ ದಾಟಿಸಿ. ಪಂಪು ಹಾಕಿದರೆ ಹೀರುವ ಬಾಯಿಗೆ 2-3 ಮಿ.ಮೀ. ಜಾಲರಿ ಕಟ್ಟಿ. ನಡುವೆ ಉಳಿದ ಗುಂಡಿಯ ಮೀನು, ಏಡಿ, ಗೊದಮೊಟ್ಟೆಯನ್ನು ಬಲೆಯಲ್ಲಿ ಎತ್ತಿ ಮೇಲ್ಗಡೆಗೆ ಬಿಟ್ಟ ಮೇಲೆ ಅಗೆತ. ಒಡ್ಡು ಬಿಚ್ಚುವಾಗ ಕೆಳಗಿನದನ್ನು ಮೊದಲು, ನಿಧಾನ. ಮೇಲಿನದನ್ನು ಒಮ್ಮೆಲೇ ಕಿತ್ತರೆ ಇಡೀ ಕೆಲಸದ ಕೆಸರು ಐದು ನಿಮಿಷದಲ್ಲಿ ಕೆಳಗಿರುತ್ತದೆ.

ಕಾಂಕ್ರೀಟು: ಹಸಿ ಸಿಮೆಂಟಿನ ನೀರಿನ ಪಿಎಚ್ 12ರ ಮೇಲೆ. ಮೀನಿಗೆ 9 ದಾಟಿದರೇ ತೊಂದರೆ. ಮಿಕ್ಸರ್ ತೊಳೆದ ನೀರು, ಕ್ಯೂರಿಂಗ್ ನೀರು ಎರಡೂ ಹಳ್ಳಕ್ಕೆ ಹೋಗಬಾರದು. ಹಳ್ಳದಿಂದ 30 ಮೀಟರ್ ದೂರದಲ್ಲಿ ತಾಡಪಾಲು ಹಾಸಿದ ಗುಂಡಿ; ಒಣಗಿ ಗಟ್ಟಿಯಾದದ್ದನ್ನು ಹೊರಗೆ ಸಾಗಿಸಿ. ಗೇಬಿಯನ್ (ಕಲ್ಲು ತುಂಬುವ ತಂತಿಬಲೆಯ) ಪೆಟ್ಟಿಗೆಗೆ ಕಲ್ಲು ಎಲ್ಲಿಂದ ಎಂದೂ ಕೇಳಿ. ‘ಸ್ಥಳದಲ್ಲೇ ಲಭ್ಯ’ ಎಂದರೆ ಹಳ್ಳದ ಕಲ್ಲು ಎಂದೇ ಅರ್ಥ, ಆ ಕಲ್ಲು ಅಲ್ಲಿನ ಜೀವಿಗಳ ಸೂರು.

ಬೋ_ಕಣಿವೆ:
ಕ್ಯಾಲ್ಗರಿಯಿಂದ. ಪಕ್ಕದ ಬ್ಯಾನ್ಫ್ ಉದ್ಯಾನದ ಪದ್ಧತಿ ಇಲ್ಲಿ ಹೇಳಬಹುದು, ಧರೆಗಾವಲು ಅವರು ಕೇಳುತ್ತಿರುವುದಕ್ಕೆ ಹತ್ತಿರದ್ದು. ಕೆನಡಾದ ಉದ್ಯಾನ ಇಲಾಖೆಯಲ್ಲಿ ಪರಿಶೀಲನೆಗೆ ಮೆಟ್ಟಿಲುಗಳಿವೆ. ಪದೇ ಪದೇ ಬರುವ, ಪರಿಣಾಮ ಗೊತ್ತಿರುವ ಕೆಲಸಕ್ಕೆ ಮೊದಲೇ ಒಪ್ಪಿಗೆ ಪಡೆದ ಸಾಮಾನ್ಯ ಪರಿಶೀಲನೆ; ಕೆಲಸದ ಬಗೆಗೆ ತಕ್ಕ ಷರತ್ತುಗಳ ಕಟ್ಟು ಸಿದ್ಧವಾಗಿಯೇ ಇರುತ್ತದೆ, ಆ ಜಾಗಕ್ಕೆ ಹೊಂದುತ್ತದೆಯೇ ಎಂದು ನೋಡಿ ಅನ್ವಯಿಸುತ್ತಾರೆ. ಅದಕ್ಕೆ ಹೊಂದದಿದ್ದರೆ ಮೂಲ ವಿಶ್ಲೇಷಣೆ, ಗಂಭೀರವಾದದ್ದಾದರೆ ವಿಸ್ತೃತ ವಿಶ್ಲೇಷಣೆ. 2019ರ ಪರಿಣಾಮ ಕಾಯ್ದೆಯ ಕೆಳಗೆ ಇದು ನಡೆಯುತ್ತದೆ.

ಕೆಸರಿಗೆ ಅಲ್ಲಿ ಸಂಖ್ಯೆ ಇದೆ, ನೀರಿನ ಕದಡನ್ನು ಎನ್‌ಟಿಯು ಎಂಬ ಮಾನದಲ್ಲಿ ಅಳೆಯುತ್ತಾರೆ. ತಿಳಿನೀರಿನಲ್ಲಿ 24 ಗಂಟೆಯೊಳಗಿನ ಕೆಲಸಕ್ಕೆ ಮೂಲ ಮಟ್ಟಕ್ಕಿಂತ 8 ಎನ್‌ಟಿಯು, ಅದಕ್ಕಿಂತ ದೀರ್ಘವಾದರೆ ಸರಾಸರಿ 2 ಎನ್‌ಟಿಯು ಹೆಚ್ಚಬಾರದು. ಮೂಲ ನೀರೇ 80 ದಾಟಿ ಕದಡಿದ್ದರೆ ಹತ್ತನೇ ಒಂದು ಭಾಗ ಮಾತ್ರ ಏರಬಹುದು. ಹೋಲಿಕೆ ಯಾವಾಗಲೂ ಕೆಲಸದ ಮೇಲ್ಗಡೆ, ಕೆಳಗಡೆ ಎರಡರದ್ದು, ಅದೇ ಗಳಿಗೆಯಲ್ಲಿ. ಯಂತ್ರ ತೊಳೆದೇ ಒಳಗೆ ಬಿಡುವುದು ಇನ್ನೊಂದು. 2016ರಲ್ಲಿ ಬ್ಯಾನ್ಫ್‌ನ ಜಾನ್ಸನ್ ಕೆರೆಯಲ್ಲಿ ಮೀನನ್ನು ಗಿರಕಿ ಹೊಡೆಸುವ ಪರೋಪಜೀವಿ ರೋಗ ಕೆನಡಾದಲ್ಲೇ ಮೊದಲ ಬಾರಿಗೆ ಪತ್ತೆಯಾಯಿತು. ಅದು ಕೆಸರಿನಲ್ಲಿ ಅಂಟಿಕೊಂಡು ಹರಡುವಂಥದ್ದು, ಹಾಗಾಗಿ ಬೂಟು, ಬಲೆ, ಬಕೆಟ್ ಎಲ್ಲವನ್ನೂ ತೊಳೆದು, ನೀರು ಬಸಿದು, ಒಣಗಿಸುವುದು ಕಡ್ಡಾಯದ ಮಾತಾಯಿತು.

ಕಾನೂನುಕಟ್ಟೆ:
ಸರ್, ಮೊದಲೇ ಒಪ್ಪಿಗೆ ಎಂಬ ಪದ ಕೇಳಿದರೆ ಭಯವಾಗುತ್ತದೆ. ನಮ್ಮಲ್ಲಿ ಅದು ‘ಹೇಗೂ ಒಪ್ಪಿಗೆ ಇದೆ’ ಎಂದಾಗುತ್ತದೆ. ಒಂದು ಕಿ.ಮೀ.ಗೆ ಮೂರು ತಡೆಗೋಡೆ, ಪ್ರತಿಯೊಂದೂ ಸಣ್ಣದು, ಪ್ರತಿಯೊಂದೂ ಹಾಳೆಯೊಳಗೆ ಹೊಂದುವಂಥದ್ದು. ಐದು ವರ್ಷ ಬಿಟ್ಟು ನೋಡಿದರೆ ರಸ್ತೆ ಎರಡು ಮೀಟರ್ ಅಗಲವಾಗಿರುತ್ತದೆ. ಯಾರೂ ವಿಸ್ತರಣೆ ಮಾಡಲಿಲ್ಲ, ಎಲ್ಲರೂ ದುರಸ್ತಿ ಮಾಡಿದರು.

ಬೋ_ಕಣಿವೆ:
ಆ ಭಯ ಸರಿಯೇ. ಅದಕ್ಕೇ ಹಾಳೆಯಿಂದ ಹೊರಬೀಳುವ ಷರತ್ತುಗಳು ಒಳಗೆ ಸೇರುವ ಷರತ್ತುಗಳಷ್ಟೇ ಸ್ಪಷ್ಟವಿರಬೇಕು. ರಸ್ತೆಯ ಈಗಿನ ಅಂಚು ದಾಟಿದರೆ ಹೊರಗೆ. ವರ್ಷವಿಡೀ ಹರಿವ ನೀರು ಮುಟ್ಟಿದರೆ ಹೊರಗೆ. ಮರ ಬುಡಸಮೇತ ಹೋದರೆ ಹೊರಗೆ. ಹೊರಗೆ ಬಿದ್ದದ್ದಕ್ಕೆ ಪೂರ್ಣ ಪರಿಶೀಲನೆ.

ಧರೆಗಾವಲು:
ಅದಕ್ಕೆ ಒಂದು ಸೇರಿಸುತ್ತೇನೆ: ಕಿ.ಮೀ. ಕಲ್ಲಿನ ಲೆಕ್ಕದಲ್ಲಿ ದಾಖಲೆ. ಒಂದೇ ಕಿ.ಮೀ.ನಲ್ಲಿ ಮೂರು ವರ್ಷದೊಳಗೆ ಮೂರನೇ ಸಲ ಹಾಳೆ ಬಂದರೆ ಅದು ದುರಸ್ತಿಯಲ್ಲ, ಅಲ್ಲಿ ಬೇರೇನೋ ಕೆಟ್ಟಿದೆ. ಸಾಮಾನ್ಯವಾಗಿ ಮೇಲ್ಗಡೆಯ ಚರಂಡಿ.

ಹುಲ್ಲುಬೆಟ್ಟ:
ಎಲ್ಲರೂ ನೀರಿನಲ್ಲೇ ಮುಳುಗಿದ್ದೀರಿ, ಹುಲ್ಲುಗಾವಲಿಗೂ ಬನ್ನಿ. ಹೊರಗಿನಿಂದ ತಂದ ಗ್ರಾವೆಲ್ ಮಣ್ಣಿನ ಜೊತೆ ಕಾಂಗ್ರೆಸ್ ಗಿಡ, ಯುಪಟೋರಿಯಂ, ಲಂಟಾನ ಬರುತ್ತವೆ. ರಸ್ತೆ ಭುಜಕ್ಕೆ (ಟಾರಿನ ಪಕ್ಕದ ಪಟ್ಟಿಗೆ) ಗ್ರಾವೆಲ್ ಹಾಕಿದ ಮರುವರ್ಷ ಕಳೆ ಭುಜದ ಉದ್ದಕ್ಕೆ ಗೆರೆ ಎಳೆದಂತೆ ನಿಂತಿರುತ್ತದೆ, ಅದರ ಮರುವರ್ಷ ಹುಲ್ಲಿನೊಳಗೆ. ಗ್ರಾವೆಲ್ ತೆಗೆಯುವ ಗುಂಡಿಯನ್ನು ಹೂ ಬಿಡುವ ಕಾಲದಲ್ಲಿ ಹೋಗಿ ನೋಡಿ. ಕಳೆ ಇದ್ದರೆ ಆ ಗುಂಡಿ ಬೇಡ. ಮೇಲಿನ 15-20 ಸೆಂ.ಮೀ. ಮಣ್ಣಿನಲ್ಲೇ ಬೀಜ ಹೆಚ್ಚು, ಅದನ್ನು ಅಲ್ಲೇ ಬಿಟ್ಟು ಕೆಳಗಿನದನ್ನು ತನ್ನಿ. ಜೆಸಿಬಿಯ ಚಕ್ರದ ಮಡಿಕೆ, ಹಿಟಾಚಿಯ ಚೈನಿನ ಒಳಗೆ ಒಣಮಣ್ಣು ಮೆತ್ತಿರುತ್ತದೆ. ತೊಳೆಯುವುದು ಗಡಿಯ ಹೊರಗೆ.

ಕೆದರಿದ ಇಳಿಜಾರಿಗೆ ‘ಹಸಿರೀಕರಣ’ ಎಂದು ಯಾವುದೋ ಹುಲ್ಲಿನ ಬೀಜ ಎರಚಬೇಡಿ. ಅಗೆಯುವ ಮುಂಚೆ ಅಲ್ಲಿಯದೇ ಹುಲ್ಲನ್ನು 30 ಸೆಂ.ಮೀ. ಚೌಕ, 10 ಸೆಂ.ಮೀ. ದಪ್ಪಕ್ಕೆ ಬೇರುಸಹಿತ ಎತ್ತಿ ನೆರಳಲ್ಲಿ ಒಂದೇ ಪದರವಾಗಿ ಇಡಿ, ನೀರು ಚಿಮುಕಿಸಿ, ಎರಡು ಮೂರು ದಿನದಲ್ಲಿ ವಾಪಸ್ ಕೂರಿಸಿ ಗೂಟ ಹೊಡೆಯಿರಿ. ಮೇಲೆ ತೆಂಗಿನ ನಾರಿನ ಬಲೆ. ಪ್ಲಾಸ್ಟಿಕ್ ಬಲೆ ಬೇಡ, ಹಾವು ಸಿಕ್ಕಿಹಾಕಿಕೊಳ್ಳುತ್ತದೆ.

ಚಾರಣದ ದಾರಿ: ದಾರಿಯ ಏರು ಗುಡ್ಡದ ಅಡ್ಡ ಇಳಿಜಾರಿನ ಅರ್ಧಕ್ಕಿಂತ ಹೆಚ್ಚಿದ್ದರೆ ಎಷ್ಟು ಕಲ್ಲು ಹಾಸಿದರೂ ಅದು ಚರಂಡಿಯೇ. ಮೆಟ್ಟಿಲು ಕಟ್ಟುವ ಮೊದಲು ದಾರಿಯನ್ನೇ ಸರಿಸಲು ಆಗುತ್ತದೆಯೇ ನೋಡಿ. ಆಗದಿದ್ದರೆ ನೀರು ಹೊರಹಾಕುವ ಅಡ್ಡಗಲ್ಲನ್ನು ದಾರಿಗೆ ಓರೆಯಾಗಿ, ಸುಮಾರು 45 ಡಿಗ್ರಿಗೆ, ಕಲ್ಲಿನ ಮೂರರಲ್ಲಿ ಎರಡು ಭಾಗ ನೆಲದೊಳಗೆ ಇರುವಂತೆ ಕೂರಿಸಿ.

ಮೋರಿಲೆಕ್ಕ:
ಚರಂಡಿಯ ಬಗ್ಗೆ ಮರೆತಿದ್ದೆ. ಕಡಿದ ಧರೆಯ ಕೆಳಗೆ ‘ಸಿಲ್ಟ್ ಫೆನ್ಸ್’ (ಹೂಳು ತಡೆಯುವ ಬೇಲಿ) ಎಂದು ಬಟ್ಟೆ ಕಟ್ಟಿ ಫೋಟೋ ತೆಗೆಯುವ ಅಭ್ಯಾಸ ಶುರುವಾಗಿದೆ. ಬಟ್ಟೆಯ ಬುಡ 15 ಸೆಂ.ಮೀ. ಮಣ್ಣಿನೊಳಗೆ ಹೂತಿರದಿದ್ದರೆ ಅದು ಪರದೆ ಅಷ್ಟೆ, ನೀರು ಅಡಿಯಿಂದ ಹೋಗುತ್ತದೆ. ಗೂಟ ಎರಡು ಮೀಟರಿಗೊಂದು. 30 ಮೀಟರ್ ಬಟ್ಟೆಗೆ ಹತ್ತನೇ ಒಂದು ಹೆಕ್ಟೇರಿನ ನೀರು ಮಾತ್ರ ತಡೆಯಲು ಸಾಧ್ಯ. ಹರಿಯುವ ಚರಂಡಿಗೆ ಅಡ್ಡ ಕಟ್ಟಿದರೆ ಜೂನಿನ ಮೊದಲ ಮಳೆಗೇ ಹರಿದು ಹೋಗುತ್ತದೆ. ಅಲ್ಲಿಗೆ ಕಲ್ಲಿನ ಸಣ್ಣ ಒಡ್ಡು ಬೇಕು. ಒಡ್ಡಿನ ಎತ್ತರವನ್ನು ಚರಂಡಿಯ ಇಳಿಜಾರಿನಿಂದ ಭಾಗಿಸಿದರೆ ಅಂತರ. ಅರ್ಧ ಮೀಟರ್ ಒಡ್ಡು, ಶೇ. 8 ಇಳಿಜಾರು: ಆರು ಕಾಲು ಮೀಟರಿಗೊಂದು. ನಡುಭಾಗ ಅಂಚಿಗಿಂತ ತಗ್ಗಿರಲಿ, ಇಲ್ಲದಿದ್ದರೆ ನೀರು ಅಂಚು ಕೊರೆದುಕೊಂಡು ಹೋಗುತ್ತದೆ.

ಚರಂಡಿ ಕೆರೆಯುವಾಗ ಧರೆಯ ಬುಡ ಕೆರೆಯಬಾರದು. ಜೆಸಿಬಿಯ ಬಕೆಟ್ ಚರಂಡಿಗಿಂತ ಅಗಲವಿದ್ದರೆ ಬುಡ ಹೋಗಿಯೇ ಹೋಗುತ್ತದೆ, ಮುಂದಿನ ಮಳೆಗೆ ಧರೆ ಬಂದೇ ಬರುತ್ತದೆ. ಸಣ್ಣ ಬಕೆಟ್, ಇಲ್ಲವೇ ಹಾರೆ ಪಿಕಾಸಿ.

ಮೇಲ್ಛಾವಣಿ:
ಕೊಂಬೆ ಸವರುವುದನ್ನು ಎಲ್ಲರೂ ನಿರಪಾಯ ಅಂದುಕೊಂಡಿದ್ದಾರೆ. ಸಿಂಗಳೀಕಕ್ಕೆ ರಸ್ತೆಯ ಮೇಲೆ ಎರಡೂ ಬದಿಯ ಕೊಂಬೆ ಕೂಡಿಕೊಂಡ ಜಾಗವೇ ಸೇತುವೆ. ಅದನ್ನು ಕತ್ತರಿಸಿದರೆ ಅದು ನೆಲಕ್ಕಿಳಿದು ರಸ್ತೆ ದಾಟಬೇಕು, ವಾಹನಕ್ಕೆ ಸಿಗುತ್ತದೆ. ವಾಲ್ಪಾರೈ ಕಡೆ ಕೊಂಬೆ ಹೋದ ಜಾಗದಲ್ಲಿ ಹಗ್ಗದ, ಹೋಸ್ ಪೈಪಿನ ಸೇತುವೆ ಕಟ್ಟಬೇಕಾಗಿ ಬಂತು. ಸವರುವ ಮುಂಚೆ ನಡೆದು ನೋಡಿ, ಕೊಂಬೆ ಕೂಡುವ ಪ್ರತಿ ಜಾಗಕ್ಕೂ ಮರಕ್ಕೆ ಗುರುತು ಹಾಕಿ, ಅಲ್ಲಿ ವಾಹನದ ಎತ್ತರಕ್ಕೆ ತಾಗುವಷ್ಟನ್ನು ಮಾತ್ರ, ಅಂದರೆ ಐದೂವರೆ ಮೀಟರಿನವರೆಗೆ ತೆಗೆಯಿರಿ.

ಗುತ್ತಿಗೆ_ಗಣಿತ:
ಎಲ್ಲ ಸರಿ. ತೊರೆತಳ ಅವರು ಜನವರಿಯಿಂದ ಮಾರ್ಚ್ ಅಂದರು. ಈಗ ಕ್ಯಾಲೆಂಡರ್ ನೋಡಿ. ಎಸ್ಟಿಮೇಟ್ ನವೆಂಬರ್, ಟೆಂಡರ್ ಜನವರಿ, ಕೆಲಸದ ಆದೇಶ ಫೆಬ್ರವರಿ ಕೊನೆ, ಮಾರ್ಚ್ 31ಕ್ಕೆ ಬಿಲ್. ಮೂವತ್ತು ದಿನದಲ್ಲಿ ಹದಿನಾಲ್ಕು ಮೋರಿ. ಆಗ ರಾತ್ರಿ ಲೈಟು ಹಾಕಿ ಕೆಲಸ, ಕಾಡಿನೊಳಗೇ ಕೂಲಿಯವರ ಶೆಡ್ಡು, ಕಾಡಿನ ಸೌದೆಯಲ್ಲಿ ಅಡುಗೆ, ಡ್ರಮ್ಮಿಗೆ ಬೆಂಕಿ ಹಾಕಿ ಟಾರು ಕಾಯಿಸುವುದು, ಅದೂ ಹುಲ್ಲು ಒಣಗಿ ನಿಂತ ಬೆಂಕಿ ಕಾಲದಲ್ಲಿ. ಹಾಳೆಯಲ್ಲಿ ಬೆಳಿಗ್ಗೆ 8ರಿಂದ ಸಂಜೆ 5 ಎಂದು ಬರೆದರೆ ಸಾಲದು.

ಧರೆಗಾವಲು:
ಹಾಗಾದರೆ ಮೋರಿಲೆಕ್ಕ ಹೇಳಿದ ಜುಲೈ ಸಮೀಕ್ಷೆಯೇ ಎಸ್ಟಿಮೇಟಿನ ತಳಹದಿ ಆಗಲಿ. ಆಗಸ್ಟಿಗೆ ಎಸ್ಟಿಮೇಟ್, ಅಕ್ಟೋಬರಿಗೆ ಟೆಂಡರ್, ಡಿಸೆಂಬರಿಗೆ ಆದೇಶ. ಡಿಸೆಂಬರಿನಲ್ಲಿ ನೀರು ಮುಟ್ಟದ ಧರೆ ಮಣ್ಣು, ಚರಂಡಿ, ಜನವರಿಯಿಂದ ಹಳ್ಳ. ಟಾರು ಹೊರಗಿನ ಹಾಟ್‌ಮಿಕ್ಸ್ ಪ್ಲಾಂಟಿನಿಂದ ಬರಲಿ, ತೇಪೆಗೆ ಎಮಲ್ಷನ್ (ಸ್ಥಳದಲ್ಲಿ ಬೆಂಕಿ ಹಾಕಿ ಕಾಯಿಸಬೇಕಿಲ್ಲದ ಟಾರು). ಅಡುಗೆಗೆ ಗ್ಯಾಸ್ ಸಿಲಿಂಡರ್, ಅದೂ ಎಸ್ಟಿಮೇಟಿನಲ್ಲೇ. ಏಪ್ರಿಲ್ 30ರ ನಂತರ ತೆರೆದ ಮಣ್ಣು ಎಲ್ಲೂ ಇರಬಾರದು.

ಹಾಳೆಯ ಕೊನೆಗೆ ಮೂರು ಫೋಟೋ: ಕೆಲಸಕ್ಕೆ ಮುಂಚೆ, ಮುಗಿದ ದಿನ, ಮುಂದಿನ ಜುಲೈನ ಮಳೆಯಲ್ಲಿ. ಗುತ್ತಿಗೆದಾರನ ಠೇವಣಿ ಬಿಡುಗಡೆ ಮೂರನೆಯದರ ಮೇಲೆ.

ಗುತ್ತಿಗೆ_ಗಣಿತ:
ಮೂರನೇ ಫೋಟೋಕ್ಕೆ ಠೇವಣಿ ಕಟ್ಟಿದರೆ ಮೋರಿ ತಾನಾಗಿ 1200 ಆಗುತ್ತದೆ ನೋಡಿ. ಫೋಟೋ ಒಂದೇ ಜಾಗದಿಂದ ಬರಬೇಕು. ಮರಕ್ಕೆ ಬಣ್ಣ ಬಳಿಯಬೇಡಿ, ಮೋರಿಯ ಹೆಡ್‌ವಾಲಿನ (ಬಾಯಿಯ ಗೋಡೆಯ) ಮೇಲೆಯೇ ಒಂದು ಮೊಳೆ ಹೊಡೆದು ನಂಬರ್ ಕೊರೆಯಿರಿ.

ತೊರೆತಳ:
ಮೊಳೆಯ ಪಕ್ಕ ಕೆಳಬಾಯಿಯಿಂದ ನೀರಿನವರೆಗಿನ ಜಿಗಿತವನ್ನೂ ಸೆಂ.ಮೀ.ನಲ್ಲಿ ಬರೆದಿಡಿ. ಮುಂದಿನ ಜುಲೈನಲ್ಲಿ ಟೇಪು ಹಿಡಿಯುವವರಿಗೆ ಅದೊಂದೇ ಸಾಕು.